ಮೆಂಬರ್ರ ಗಂಡ

ಮೂರನೇ ಏಟಿಗೆ ಚಿಕ್ಕಬಸಪ್ಪನ ಮೊಣಕಾಲ ಚಿಪ್ಪು ಒಡೆಯಿತು. ಅವನು ಕೂಗಿದ ರಭಸಕ್ಕೆ ಮುಚ್ಚಿದ ಎಣ್ಣೆ ಮಿಲ್ಲಿನ ತಗಡಿನಡಿ ಕೂತಿದ್ದ ಪಾರಿವಾಳಗಳು ಒಮ್ಮೆಲೇ ಎದ್ದವು.

“ಏಮಯ್ಯಾ ಮೆಂಬರ್ರೇ, ಇನ್ನೊಂದು ಕಾಲೂ ಐತಲ್ಲ,” ಎಂದ ಮೊಳಕಾಲ್ಮೂರಿನ ಓಬಳೇಶ್, ಕಬ್ಬಿಣದ ಸರಳನ್ನು ಕೈ ಬದಲಿಸುತ್ತ.

ಚಿಕ್ಕಬಸಪ್ಪ ಮೆಂಬರ್ ಅಲ್ಲ. ಮೆಂಬರ್ ಅವನ ಹೆಂಡತಿ ಮಂಜುಳಮ್ಮ. ಚಳ್ಳಕೆರೆಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಅವಳು ಬಿಡಿಸಿದ ಲೆಕ್ಕಗಳು ಹೊರದೇಶದ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಕ್ಷೇತ್ರ ಮಹಿಳೆಯರಿಗೆ ಮೀಸಲಾದಾಗ ಚಿಕ್ಕಬಸಪ್ಪನೇ ಅವಳ ಕೆಲಸ ಬಿಡಿಸಿ ತಾಲ್ಲೂಕು ಪಂಚಾಯಿತಿಗೆ ನಿಲ್ಲಿಸಿದ. ಗೆದ್ದದ್ದು ಅವಳು, ಹಾರ ಬಿದ್ದದ್ದು ಅವನ ಕೊರಳಿಗೆ. ಸಭೆಯಲ್ಲಿ ಅವಳ ಕುರ್ಚಿಯಲ್ಲಿ ಅವನೇ ಕೂರುತ್ತಿದ್ದ. ಅವಳು ಹಿಂದಿನ ಬೆಂಚಿನಲ್ಲಿ, ಸೆರಗು ಹೊದ್ದು. ಯಾರೂ ಆಕ್ಷೇಪಿಸಲಿಲ್ಲ. ಹೆಂಗಸರು ಗೆದ್ದ ಕಡೆಯೆಲ್ಲ ಹಾಗೇ ಇತ್ತು.

ಇವತ್ತು ಅಧ್ಯಕ್ಷರ ಆಯ್ಕೆ. ಒಂದು ಕಡೆ ಓಬಳೇಶನ ಧಣಿ ಜುಂಜಪ್ಪನ ಭಾವಮೈದ ಪಾಲಾಕ್ಷ, ಇನ್ನೊಂದು ಕಡೆ ಎಣ್ಣೆ ವ್ಯಾಪಾರಿ ಮಲ್ಲಿಕ್. ಇಬ್ಬರದೂ ಸಮಬಲ. ಉಳಿದದ್ದು ಮಂಜುಳಮ್ಮನ ಒಂದು ಕೈ. ರಸ್ತೆ ಕಾಮಗಾರಿಗಳ ಆಸೆಗೆ ಚಿಕ್ಕಬಸಪ್ಪ ಅದನ್ನು ಮಲ್ಲಿಕ್‌ಗೆ ಬರೆದುಕೊಟ್ಟವನಂತೆ ಮಾತು ಕೊಟ್ಟಿದ್ದ.

ಜುಂಜಪ್ಪ ಕಡಲೆಕಾಯಿ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದ. ಬಾಯಲ್ಲಿ ಹಚ್ಚದ ಬೀಡಿ.

“ಹೆಂಡ್ತಿಗೆ ಹೇಳಲೇ. ಪಾಲಾಕ್ಷಂಗೆ ಕೈ ಎತ್ತು ಅಂತ.”

ಚಿಕ್ಕಬಸಪ್ಪ ರಕ್ತ ಉಗಿದು ನಕ್ಕ. “ನಾನು ಕಣ್ಣು ಸನ್ನೆ ಮಾಡದೆ ಅವಳ ಕೈ ಏಳಲ್ಲ ಕಣೋ. ಒಂದ್ಸಲ ತಾನಾಗೇ ಎತ್ತಿದ್ಲು. ಮನೇಗೆ ಬಂದ್ಮೇಲೆ ಮುರಿದೆ. ಬಚ್ಚಲಲ್ಲಿ ಜಾರಿದ್ಲು ಅಂತ ಊರಿಗೆಲ್ಲ ಹೇಳ್ದೆ.”

ಓಬಳೇಶ್ ಮತ್ತೆ ಸರಳು ಬೀಸಿದ. ಈ ಸಲ ಅವನಿಗೆ ಯಾರೂ ಹೇಳಿರಲಿಲ್ಲ.

ಪ್ರಜ್ಞೆ ಬಂದಾಗ ಚಿಕ್ಕಬಸಪ್ಪ ತೊದಲಿದ. “ನಾನು ಹುಲ್ಲುಗಾವಲಿನ ಕಾವಲ್ ದಾರೀಲಿ ಒಬ್ನೇ ಬರ್ತೀನಂತ ನಿಮಗೆ ಹೇಳಿದ್ಯಾರು?”

“ಯಾವಳೋ. ನಿನ್ನೆ ಬೂತಿಂದ ಫೋನ್ ಮಾಡಿದ್ಲು,” ಎಂದ ಜುಂಜಪ್ಪ. “ಹೆಸರು ಕೇಳಿದ್ರೆ ಇಟ್ಬಿಟ್ಲು.”

“ಕುದಾಪುರದವಳು!” ಅಲ್ಲಿ ಅವನು ಇಟ್ಟುಕೊಂಡವಳಿದ್ದಳು. ಬೆಳಿಗ್ಗೆ ಅವಳ ಮನೆಯಿಂದಲೇ ಬೈಕು ಹತ್ತಿದ್ದ. “ಅವಳ ಕೈನೂ ಮುರೀತೀನಿ.”

“ಮೊದ್ಲು ನೀನು ಎದ್ದು ನಿಲ್ಲಪ್ಪ,” ಎಂದ ಓಬಳೇಶ್.

ಮಂಜುಳಮ್ಮನ ಮೊಬೈಲು ಬೆಳಿಗ್ಗೆಯಿಂದ ಆಫ್ ಆಗಿತ್ತು. ಜುಂಜಪ್ಪ ಮತ್ತೆ ಒತ್ತಿದ. ರಿಂಗಾಯಿತು. ಸ್ಪೀಕರ್ ಹಾಕಿ ಚಿಕ್ಕಬಸಪ್ಪನ ಬಾಯಿಗೆ ಹಿಡಿದ. ಓಬಳೇಶ್ ಸರಳಿನ ತುದಿಯನ್ನು ಒಡೆದ ಮೊಣಕಾಲ ಮೇಲಿಟ್ಟು ಒತ್ತಿದ.

“ಮಂಜುಳಾ, ಕೊಲ್ತಾರೆ ಕಣೇ! ಇವರು ಹೇಳಿದಂಗೆ ಕೈ ಎತ್ತೇ!”

ಆ ಕಡೆ ಪಟಾಕಿ ಸದ್ದು.

“ಸಭೆ ಮುಗೀತು ಕಣ್ರಿ,” ಎಂದಳು ಅವಳು, ಪಾಠ ಹೇಳುವ ದನಿಯಲ್ಲಿ. “ಎರಡೂ ಕಡೆ ಸಮ ಇತ್ತಲ್ಲ. ನನ್ನ ಕೈ ಬೇಕಾದೋರು ನನ್ನ ಹೆಸರೇ ಸೂಚಿಸ್ಲಿ ಅಂದೆ. ಪಾಲಾಕ್ಷಪ್ಪನೋರೇ ಮೊದ್ಲು ಒಪ್ಪಿದ್ರು, ಉಪಾಧ್ಯಕ್ಷ ಆದ್ರೂ ಸಾಕು ಅಂತ. ಈಗ ಅಧ್ಯಕ್ಷೆ ನಾನು.”

ಜುಂಜಪ್ಪನ ಬಾಯಿಂದ ಬೀಡಿ ಬಿತ್ತು. ಅವನು ಎದ್ದು ನಿಂತ. ಫೋನಿನ ಮುಂದೆ ತನಗರಿವಿಲ್ಲದೆ ಹೆಗಲ ಟವೆಲ್ ತೆಗೆದ.

“ಅಧ್ಯಕ್ಷರೇ... ತಪ್ಪಾಯ್ತು ತಾಯಿ. ಯಜಮಾನ್ರನ್ನ ಈಗ್ಲೇ ಜೀಪಲ್ಲಿ ಮನೆ ಬಾಗ್ಲಿಗೆ ಕಳಿಸ್ತೀನಿ.”

“ಬೇಡ ಜುಂಜಪ್ಪನೋರೆ. ನಿನ್ನೆ ಬೂತಿಂದ ನಿಮಗೆ ದಾರಿ ಹೇಳಿದ್ದು ವಾಪಸ್ ಕರ್ಕೊಳ್ಳೋಕಲ್ಲ.”