ನಲವತ್ತು ದಿನದ ಬಿಳುಪು

“ಮಾಮ, ನಲವತ್ತು ದಿನ ಜಗಲೀಲಿ ತೂಗಿದ ಪರ್ಸಿಮನ್ ಹಣ್ಣು ಕೊನೇ ದಿನಾನೂ ಹಸಿ ಕಿತ್ತಳೆ ಬಣ್ಣದಲ್ಲೇ ಇದೆಯಲ್ಲ! ಒಣಗಿಸಿದ್ರೋ, ಫ್ರಿಜ್ಜಲ್ಲಿಟ್ರೋ?” ವಿಡಿಯೊ ಸಂಕಲನ ಮಾಡುವ ಬೋರಾಮ್ ಸಿಯೋಲ್ ನಗರದಿಂದ ಫೋನಿನಲ್ಲಿ ನಕ್ಕಳು.

ಹಳ್ಳಿಯ ಮನೆಯಲ್ಲಿದ್ದ ಮಾನ್‌ಸಿಕ್ ನಾಲಿಗೆ ಕಚ್ಚಿಕೊಂಡ. ಊರ ಸಂಘದ ವಿಡಿಯೊಗಾಗಿ ದಿನಕ್ಕೊಂದರಂತೆ ತಾನು ತೆಗೆದ ಚಿತ್ರಗಳಲ್ಲಿ ಮೋಡದ ದಿನ ನೀಲಿ, ಬಿಸಿಲಿನ ದಿನ ಹಳದಿ ಇಣುಕುತ್ತಿತ್ತು. ಅದು ಸರಿಹೋಗಲೆಂದು ಎಲ್ಲವನ್ನೂ ಮೊದಲ ಚಿತ್ರದ ಬಣ್ಣಕ್ಕೆ ಹೊಂದಿಸಿಬಿಟ್ಟಿದ್ದ. ಹಣ್ಣು ಒಣಗಿದ್ದೇ ಅಳಿಸಿಹೋಗಿತ್ತು.

“ಚಿತ್ರದಲ್ಲಿ ಬದಲಾಗದೆ ಇರೋ ಒಂದು ಬಿಳಿ ವಸ್ತು ಹುಡುಕಿ. ಅದು ಎಲ್ಲದರಲ್ಲೂ ಒಂದೇ ಬಿಳುಪಾಗೋ ಹಾಗೆ ಮಾಡಿ. ಸಂಜೆ ಐದು ಗಂಟೆಯೊಳಗೆ ಬರದಿದ್ರೆ ಊರ ಸಂಘದವರು ಬೇರೆಯವರ ವಿಡಿಯೊ ಹಾಕ್ತಾರೆ, ಆಮೇಲೆ ನನ್ನ ಬೈಬೇಡಿ,” ಎಂದಳು ಬೋರಾಮ್.

ಅವನು ಹುಡುಕಿದ. ಹಗ್ಗದ ಮೇಲಿನ ಟವೆಲ್ ದಿನಕ್ಕೊಂದು. ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಬಿಳಿ ಕಾಗದ ಬಿಸಿಲಿಗೆ ಮಾಸುತ್ತ ಬಂದಿತ್ತು. ಮೆಟ್ಟಿಲ ಮೇಲೆ ಅವನ ಚಪ್ಪಲಿ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬಿದ್ದಿತ್ತು. ಪಕ್ಕದಲ್ಲಿದ್ದ ಬಿಳಿ ರಬ್ಬರ್ ಜೋಡು ಮಾತ್ರ ನಲವತ್ತು ಚಿತ್ರಗಳಲ್ಲೂ ಬೆರಳಷ್ಟೂ ಸರಿದಿರಲಿಲ್ಲ. ಅದನ್ನೇ ಆರಿಸಿ ಎಲ್ಲವನ್ನೂ ಹೊಂದಿಸಿದ. ಹಣ್ಣುಗಳು ದಿನದಿಂದ ದಿನಕ್ಕೆ ಸುಕ್ಕಾಗಿ, ಕಂದಿ, ಕೊನೆಗೆ ಬೆಲ್ಲದ ಬಣ್ಣಕ್ಕೆ ಬಂದವು. ಕಳಿಸಿದ.

“ಈಗ ಸರಿಯಾಯ್ತು ನೋಡಿ! ಆ ಜೋಡು ಯಾರದ್ದು ಮಾಮ? ಅಲ್ಲಾಡಿಲ್ಲ, ಧೂಳೂ ಕೂತಿಲ್ಲ!”

“ಮನೆಗೆ ಬರೋರಿಗೆ ಅಂಗಳದಲ್ಲಿ ಹಾಕ್ಕೊಳ್ಳೋಕೆ ಅಂತ ಇಟ್ಟಿದ್ದು ಕಣಮ್ಮ. ದಿನಾ ಬೆಳಿಗ್ಗೆ ಇಟ್ಟಲ್ಲೇ ಒರೆಸ್ತೀನಿ.”

ಬೋರಾಮ್ ಈ ಸಲ ನಗಲಿಲ್ಲ.