ಸಿಂಕಿನ ಬಾಯಿಯ ನಾತ

ಮಾರ್ಲಿಸ್ ಮೊದಲು ವಿದ್ಯುತ್ ಪೆಟ್ಟಿಗೆಯ ಗುಂಡಿ ಇಳಿಸಿದಳು. ಆಮೇಲೆ ಸಿಂಕಿನ ಬಾಯಿಯೊಳಗೆ ಕೈ ಇಳಿಬಿಟ್ಟಳು. ಅಡಿಯಲ್ಲಿ, ತಟ್ಟೆಯ ಉಳಿಕೆಯನ್ನೆಲ್ಲ ಅರೆದು ಕೊಳವೆಗೆ ತಳ್ಳುವ ಯಂತ್ರವಿತ್ತು. ಕೆಲವು ದಿನಗಳಿಂದ ಅದು ಸತ್ತ ಇಲಿಯಂತೆ ನಾರುತ್ತಿತ್ತು.

ಐಸು, ಕಲ್ಲುಪ್ಪು ಹಾಕಿ ಅರೆಸಿದ್ದಾಗಿತ್ತು. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಎಬ್ಬಿಸಿದ್ದೂ ಆಗಿತ್ತು. ನಿಂಬೆ ಸಿಪ್ಪೆಯ ಘಮ ಮಧ್ಯಾಹ್ನದವರೆಗೆ ನಿಲ್ಲುತ್ತಿತ್ತು. ಸಂಜೆಗೆ ಮತ್ತೆ ಅದೇ ನಾತ. ಕೊಳೆ ಅಡಗುವುದು ಬಾಯಿಯ ರಬ್ಬರ್ ಪದರದ ಅಡಿಯಲ್ಲಿ, ಹಳೆಯ ಬ್ರಷ್ಷಿನಿಂದ ಅಲ್ಲಿ ತಿಕ್ಕು ಎಂದು ಹೇಳಿಕೊಟ್ಟವನು ಗಂಡ ಆರ್ಲನ್.

ತಿಕ್ಕಿದಳು. ಬ್ರಷ್ಷಿಗೆ ಹೆಪ್ಪುಗಟ್ಟಿದ ಬಿಳಿ ಕೊಬ್ಬು ಮೆತ್ತಿಕೊಂಡು ಬಂತು. ಅದರ ತುಂಬ ಬಾರ್ಲಿ ಕಾಳು.

ಅವಳ ಕೈ ನಿಂತಿತು. ಆ ಮನೆಯಲ್ಲಿ ಬಾರ್ಲಿ ಬೀಳುತ್ತಿದ್ದದ್ದು ಒಂದೇ ಅಡುಗೆಗೆ. ಆರ್ಲನ್ ದಿನಾ ಬೆಳಿಗ್ಗೆ ಅವಳಿಗೆಂದೇ ಮೂಳೆ ಸೂಪು ಕಾಯಿಸಿ ಫ್ಲಾಸ್ಕಿಗೆ ತುಂಬಿಡುತ್ತಿದ್ದ. ಅವಳು ಅದನ್ನು ತಾನು ಕೆಲಸ ಮಾಡುವ ದಂತವೈದ್ಯರ ಕ್ಲಿನಿಕ್ಕಿಗೆ ಒಯ್ದು ಕುಡಿಯುತ್ತಿದ್ದಳು. ಈಚೆಗೆ ಅದರಲ್ಲಿ ಬಾರ್ಲಿ ಸಿಕ್ಕುತ್ತಿರಲಿಲ್ಲ. ಗಂಡ ಸೂಪು ಮಾಡುವ ಬಗೆ ಬದಲಿಸಿದ್ದಾನೆ ಎಂದುಕೊಂಡಿದ್ದಳು.

ಮನೆಯಲ್ಲಿ ಇನ್ನೊಬ್ಬಳಿದ್ದಳು. ಆರ್ಲನ್‌ನ ಮಗಳು ಬ್ರೆಟಾ, ಹೈಸ್ಕೂಲು ಹುಡುಗಿ. ಮದುವೆಯಾದಾಗಿನಿಂದ ಅವಳು ಮಾರ್ಲಿಸ್‌ಳನ್ನು ಹೆಸರು ಹಿಡಿದೂ ಕರೆದಿರಲಿಲ್ಲ. ಹುಡುಗಿಯ ತಾಯಿ ಸಿಗ್ನೆ ಹೊಟ್ಟೆಯ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ನವೆದು ತೀರಿಹೋಗಿದ್ದಳು. ಆರ್ಲನ್ ಹೆಂಡತಿಗೆ ತುತ್ತು ತಿನ್ನಿಸಿ ಆರೈಕೆ ಮಾಡಿದ್ದನ್ನು ಚರ್ಚಿನ ಹೆಂಗಸರು ಈಗಲೂ ಕಣ್ಣೊರೆಸಿಕೊಂಡು ಹೇಳುತ್ತಿದ್ದರು.

ಮಾರ್ಲಿಸ್‌ಗೂ ಆ ಆರೈಕೆ ಸಿಕ್ಕಿತ್ತು. ಮದುವೆಯ ಬೆನ್ನಿಗೇ ಅವಳಿಗೆ ವಾಂತಿ, ನಿಶ್ಶಕ್ತಿ. ಹೊಸ ಮನೆಯ ಒತ್ತಡ ಎಂದರು ವೈದ್ಯರು. ಈಗ ಹಸಿವು ಮರಳಿತ್ತು, ಕೆನ್ನೆ ತುಂಬಿತ್ತು. ನಿನ್ನ ಸೂಪೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು ಎಂದು ಗಂಡನಿಗೆ ಹೇಳಿದ್ದಳು.

"ಪೂರ್ತಿ ಕುಡೀತಿದ್ದೀಯ ತಾನೇ?" ಎಂದಷ್ಟೇ ಕೇಳಿದ್ದ ಅವನು. ಮರುದಿನ ಇನ್ನೂ ದೊಡ್ಡ ಫ್ಲಾಸ್ಕು ತಂದಿದ್ದ.

ಸಂಜೆ ಅವಳು ಬ್ರಷ್ಷನ್ನು ತೋರಿಸಿದಾಗ ಆರ್ಲನ್ ಅದನ್ನು ಬೆಳಕಿಗೆ ಹಿಡಿದ. ಮಗಳ ಕೋಣೆಯ ಬಾಗಿಲ ಕಡೆ ನೋಡಿದ.

"ಅವಳಿಗೆ ನೀನು ಈ ಮನೇಲಿರೋದೇ ಬೇಕಿಲ್ಲ, ಮಾರ್ಲಿಸ್. ಹುಷಾರಾಗಿರು."

ಅವಳು ಆ ರಾತ್ರಿ ನೆಟ್ಟಗೆ ನಿದ್ದೆ ಮಾಡಲಿಲ್ಲ. ಸೂಪು ಚೆಲ್ಲುವವಳು ಅದರ ಬದಲಿಗೆ ಏನು ತುಂಬುತ್ತಿದ್ದಾಳೆ? ಇಷ್ಟು ದಿನ ತಾನು ಕುಡಿದದ್ದು ಏನನ್ನು?

ಬೆಳಿಗ್ಗೆ ಆರ್ಲನ್ ಫ್ಲಾಸ್ಕು ತುಂಬಿಟ್ಟು, ಅಂಗಳದ ಹಿಮ ತಳ್ಳಲು ಹೊರಗೆ ಹೋದ. ಮಾರ್ಲಿಸ್ ಸಾಮಾನು ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಳು. ಹಿಮ ತಳ್ಳುವ ಯಂತ್ರ ಗುಡುಗಿದ್ದೇ ತಡ, ಬ್ರೆಟಾ ಬರಿಗಾಲಲ್ಲಿ ಬಂದಳು. ಸೂಪನ್ನು ಸಿಂಕಿಗೆ ಸುರಿದು ಅರೆಯುವ ಯಂತ್ರ ಓಡಿಸಿದಳು. ಫ್ಲಾಸ್ಕನ್ನು ಸಾಬೂನು ಹಾಕಿ ತೊಳೆದಳು, ಮತ್ತೆ ತೊಳೆದಳು, ಮೂಸಿ ನೋಡಿದಳು. ಆಮೇಲೆ ಅಂಗಿಯ ತೋಳಿನೊಳಗಿಂದ ಅಂಗಡಿಯ ಸೂಪಿನ ಡಬ್ಬಿ ತೆಗೆದು, ಬಿಸಿ ಮಾಡಿ ತುಂಬಿದಳು.

ಮಾರ್ಲಿಸ್ ಹೊರಗೆ ಬಂದಳು. ಹುಡುಗಿಯ ಕೈಯಿಂದ ಮುಚ್ಚಳ ಜಾರಿತು.

ಅಪ್ಪ ಅಷ್ಟು ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ಹೀಗೆ ಚೆಲ್ಲುವಷ್ಟು ತಾನು ಏನು ತಪ್ಪು ಮಾಡಿದೆ ಎಂದು ಮಾರ್ಲಿಸ್ ಕೇಳಿದಳು. ಹುಡುಗಿ ಬಗ್ಗಿ ಮುಚ್ಚಳ ಎತ್ತಿಕೊಂಡಳು.

"ನಿನ್ನ ಅಮ್ಮನ ಜಾಗಕ್ಕೆ ನಾನು ಬಂದೆ ಅಂತ ತಾನೇ ಈ ದ್ವೇಷ?"

ಬ್ರೆಟಾ ಕಿಟಕಿಯಾಚೆ ನೋಡಿದಳು. ತಂದೆ ಬೆನ್ನು ಹಾಕಿ ಹಿಮ ತಳ್ಳುತ್ತಿದ್ದ.

"ಅಮ್ಮನ ಜಾಗಕ್ಕೆ ನೀವು ಇನ್ನೂ ಹೋಗಿಲ್ಲ," ಎಂದಳು ಮೆಲ್ಲಗೆ. "ಹೋಗಬಾರದು ಅಂತಾನೇ ಚೆಲ್ತಿದ್ದೀನಿ."

ಆಮೇಲೆ, ಇನ್ನೂ ಮೆಲ್ಲಗೆ: "ಅಮ್ಮನಿಗೂ ಅಪ್ಪ ದಿನಾ ಇದೇ ಸೂಪು ಮಾಡಿಕೊಡ್ತಿದ್ರು."