ಎಡಗೈಲಿ ಎಳೆದ ಗಡಿ

ಬಳ್ಳಾರಿ ಲೋಕಸಭಾ ಕ್ಷೇತ್ರದ ಗಡಿ ಹಾಕಿದ್ದು ದಿಲ್ಲಿಯ ದೊಡ್ಡವರಲ್ಲ, ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿನ ಡ್ರೈವರ್ ಪಾಲಪ್ಪ. ಅದೂ ಒಂದೇ ಉಸಿರಿಗೆ, ಎಡಗೈಯಲ್ಲಿ; ಬಲಗೈಯಲ್ಲಿ ಮಿರ್ಚಿ ಇತ್ತು. ಸಿರುಗುಪ್ಪವನ್ನು ಕಿರುಬೆರಳಲ್ಲಿ ಕೊಪ್ಪಳದ ಕಡೆ ತಳ್ಳಿದ. ಸಂಡೂರಿನ ಗುಡ್ಡಗಳು ನಕಾಶೆಯಿಂದ ಜಾರದಂತೆ ಮೊಣಕೈ ಊರಿದ. ಹಂಪಿಯ ಹತ್ತಿರ ಕೈ ಸ್ವಲ್ಪ ನಡುಗಿದ್ದರಿಂದಲೇ ಅಲ್ಲಿ ಹೊಳೆ ಅಷ್ಟು ಸೊಟ್ಟಗೆ ಹರಿಯುತ್ತದೆ. "ಕಂಪ್ಲಿನ ಮಾತ್ರ ಬಿಟ್ಟುಕೊಡಲಿಲ್ಲ, ಬೀಗರ ಊರು ನೋಡ್ರಿ" ಎಂದು ಮುಗಿಸುತ್ತಿದ್ದ. ಬೀಗತನ ಆದದ್ದು ಮೂರು ವರ್ಷದ ಹಿಂದೆ, ಗಡಿ ಹಾಕಿದ್ದು ಇಪ್ಪತ್ತು ವರ್ಷದ ಹಿಂದೆ ಎಂಬುದು ಅವನ ಕಥೆಗೆ ಎಂದೂ ಅಡ್ಡ ಬಂದಿರಲಿಲ್ಲ.

ಇವತ್ತು ಹೊಸಪೇಟೆಯಲ್ಲಿ ಮತದಾರರ ದಿನ. ಹಿಂದೆ ಕ್ಷೇತ್ರ ಪುನರ್ವಿಂಗಡಣೆಯಾದಾಗ ಯಾವ ಊರು ಯಾವ ಕ್ಷೇತ್ರಕ್ಕೆ ಸೇರಬೇಕೆಂದು ಜನರ ಅಹವಾಲು ಕೇಳಿದ್ದರಲ್ಲ, ಆ ಸಭೆಗೆ ಹೋಗಿದ್ದ ಹಿರಿಯರಿಗೆ ಶಾಲು ಹೊದಿಸುತ್ತಾರಂತೆ. ಸುದ್ದಿ ಕೇಳಿದ ಪಾಲಪ್ಪ ತನ್ನೂರು ಗಾದಿಗನೂರಿನಿಂದ ಬಂದ ಅನ್ನುವುದಕ್ಕಿಂತ ಹಾರಿದ ಅನ್ನಬೇಕು. ಮುಂದಿನ ಸಾಲಿನಲ್ಲಿ ಪಕ್ಕಕ್ಕೇ ಬೀಗ ಜಂಬುನಾಥ್ ಕೂತಿದ್ದ. ಕಂಪ್ಲಿಯಿಂದ ಬೈಕಿನಲ್ಲಿ ಬಂದದ್ದು ಚಪ್ಪಾಳೆ ತಟ್ಟುವುದಕ್ಕಲ್ಲ.

"ಬೀಗ್ರ, ಇನ್ನೊಮ್ಮೆ ಹೇಳ್ತೀನಿ. ಆಫೀಸಿನವರ ಬಾಯಾಗ ನಿಮ್ಮ ಮಾತು ಖರೆ ಅಂತ ಬಂದ್ರ ಮೊಮ್ಮಗನ ಜವಳ ನೀವು ಹೇಳಿದಂಗ ಹಂಪ್ಯಾಗ. ಇಲ್ಲಂದ್ರ ನಮ್ಮ ಕಂಪ್ಲ್ಯಾಗ."

"ಹಂಪಿ ವಿರೂಪಾಕ್ಷನಿಗೆ ಆಗ್ಲೇ ಹೇಳಿ ಬಂದೀನಿ, ಕೂದ್ಲು ತರ್ತೀನಿ ಅಂತ. ನೀವು ಸುಮ್ಮನ ಕುಂದ್ರಿ" ಎಂದ ಪಾಲಪ್ಪ. ಎದೆ ಉಬ್ಬಿದ ರಭಸಕ್ಕೆ ಅಂಗಿಯ ಮೇಲಿನ ಗುಂಡಿ ಕಿತ್ತು ವೇದಿಕೆಯವರೆಗೆ ಹೋಯಿತು.

ಚುನಾವಣಾ ಶಾಖೆಯ ಶಾಂಭವಿ ಮೈಕ್ ಹಿಡಿದಳು. ಕೈಯಲ್ಲಿ ಹಳೆಯ ಫೈಲು. "ಗಾದಿಗನೂರಿನ ಪಾಲಪ್ಪನವರು ಅಂದು ಕೊಟ್ಟ ಅರ್ಜಿ, ಅವರದೇ ಕೈಬರಹದಲ್ಲಿ ಸಿಕ್ಕಿದೆ!" ಪಾಲಪ್ಪನಿಗೆ ಕುರ್ಚಿ ಸಾಲಲಿಲ್ಲ. ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದ. ಅರ್ಜಿಯಲ್ಲಿ ಏನು ಬರೆದಿದ್ದೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ.

ಶಾಂಭವಿ ಓದಿದಳು: "ಮಾನ್ಯರೇ, ನಮ್ಮ ಕ್ಷೇತ್ರದ ಗಡಿ ಹೊಳೆಗೆ ನಿಲ್ಲಬಾರದು. ಆಚೆ ದಂಡೆಯ ಆನೆಗೊಂದಿ, ಪಂಪಾ ಸರೋವರ ಸೇರಿಯೇ ನಮ್ಮ ಕ್ಷೇತ್ರ." ಜನ ಚಪ್ಪಾಳೆ ಹೊಡೆದರು. "ಕ್ಷೇತ್ರದಲ್ಲಿ ಹೆಂಡ, ಬಾಡೂಟ ಕಡ್ಡಾಯವಾಗಿ ನಿಲ್ಲಬೇಕು." ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಇಪ್ಪತ್ತು ವರ್ಷದ ಹಿಂದೆಯೇ ಎಂಥಾ ಧೈರ್ಯ! ಜಂಬುನಾಥನ ಮುಖ ಬಾಡಿತು. "ಕ್ಷೇತ್ರಕ್ಕೆ ಕಾಲಿಡುವವರು ಹೊಳೆಯಲ್ಲಿ ಮಿಂದು ಮಡಿಯಲ್ಲೇ ಬರಬೇಕು..." ಶಾಂಭವಿಯ ದನಿ ನಿಧಾನವಾಯಿತು. "ಅಮಾವಾಸ್ಯೆಗೆ ಎರಡು ಹರಿಗೋಲು ಹೆಚ್ಚಿಗೆ ಬಿಡಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಬೀಗ್ರ," ಜಂಬುನಾಥ್ ಮೆಲ್ಲಗೆ ಕೇಳಿದ, "ಇದು ಯಾವ ಕ್ಷೇತ್ರರೀ?"

"ಅದು... ಆ ಅರ್ಜಿ ಬ್ಯಾರೆ ಪಾಲಪ್ಪಂದು."

"ಗಾದಿಗನೂರಿನಾಗ ದೋಣಿಮಲೈ ಬಸ್ ಓಡಿಸೋ ಪಾಲಪ್ಪ ಎಷ್ಟು ಮಂದಿ ಅದಾರಜ್ಜ?" ಎಂದಳು ಶಾಂಭವಿ. ನಗು ತಡೆದುಕೊಂಡು, ಅರ್ಜಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿದ್ದ ಷರಾ ಓದಿದಳು: "ಅರ್ಜಿದಾರರು ಹಂಪಿಯ ಪಂಪಾಕ್ಷೇತ್ರದ ಸಭೆ ಎಂದು ತಿಳಿದು ಬಂದಿದ್ದಾರೆ. ತಿಳಿಹೇಳಿ ಕಳುಹಿಸಲಾಯಿತು."

ನಗು ಹಂಪಿಯ ಹೇಮಕೂಟಕ್ಕೆ ಬಡಿದು ವಾಪಸ್ ಬಂತು. ಜಂಬುನಾಥ್ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದ. ಪಾಲಪ್ಪ ಇನ್ನೂ ನಿಂತೇ ಇದ್ದ. ಕೂರಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ಶಾಂಭವಿಗೆ ಏನನ್ನಿಸಿತೋ, ಕೆಳಗಿಳಿದು ಬಂದು ಮೈಕ್ ಅವನ ಮುಂದೆ ಹಿಡಿದಳು.

"ಬಾಗಿಲಾಗ 'ಕ್ಷೇತ್ರ ಪುನರ್ವಿಂಗಡಣೆ' ಅಂತ ಬೋರ್ಡಿತ್ತು ತಾಯಿ," ಎಂದ ಪಾಲಪ್ಪ. ಇಷ್ಟು ಸಣ್ಣ ದನಿ ಅವನಲ್ಲಿದೆಯೆಂದು ಬೀಗನಿಗೂ ಗೊತ್ತಿರಲಿಲ್ಲ. "ನಮಗ ಕ್ಷೇತ್ರ ಅಂದ್ರ ಹಂಪಿ. ಅದನ್ನ ಯಾರೋ ಒಡಿಯಾಕ ಹತ್ಯಾರ ಅಂತ ಡ್ಯೂಟಿ ಬಿಟ್ಟು ಓಡಿ ಬಂದೆ. ಒಳಗ ಸಾಹೇಬ್ರು ಹೇಳಿದ್ರು, 'ಇದು ವೋಟಿನ ಕ್ಷೇತ್ರ, ಹೊಳಿಗೆ ಮುಗೀತತಿ.' ನಾನಂದೆ, 'ದೇವ್ರ ಕ್ಷೇತ್ರಕ್ಕ ಹೊಳಿ ನಟ್ಟನಡುವ ಐತ್ರಿ, ನಿಮ್ಮದ್ಯಾಕ ದಂಡಿಗೇ ನಿಂತತಿ?' ಎಲ್ಲಾರೂ ನಕ್ಕರು. ಜವಾನ ತೋಳು ಹಿಡಿದು ಹೊರಗ ಬಿಟ್ಟ."

"ಮತ್ತ ಎಡಗೈಲಿ ಗಡಿ ಹಾಕಿದ್ದು?" ಜಂಬುನಾಥ್ ಬಿಡಲಿಲ್ಲ.

"ಊರಿಗೆ ಬಂದ್ರ ಅರಳಿಕಟ್ಟಿ ತುಂಬ ಜನ, ಒಳಗ ಏನಾತು ಅಂತ ಕೇಳಾಕ ಕುಂತಿದ್ರು ಬೀಗ್ರ. ಹೊರಗ ಹಾಕಿದ್ರು ಅನ್ನಾಕ ನಾಲಿಗಿ ಏಳಲಿಲ್ಲ. ಗಡಿ ಹಾಕಿ ಬಂದೆ ಅಂದ್ಬಿಟ್ಟೆ. ಜವಳ ಕಂಪ್ಲ್ಯಾಗ ಆಗ್ಲಿ ಬಿಡ್ರಿ."